ಹವಳವಿಲ್ಲದ ಕಡಲು

ಸುರಪುರದಿಂದ ಶಹಾಪುರಕ್ಕೆ ಬರುವ ಬಸ್ಸಿನಲ್ಲಿ ಹಿಂದಿನ ಸೀಟಿನ ಹುಡುಗಿಯೊಬ್ಬಳು ತನ್ನ ಮಾಸ್ತರರನ್ನು ಕೇಳುತ್ತಿದ್ದಳು: "ಸರ್, ನಮ್ಮ ಕಡಿ ಮೊದಲ ಸಮುದ್ರ ಇತ್ತಂತ, ಖರೇ ಏನ್ರಿ?"

"ಖರೇ ನೋಡವ್ವ. ಮನ್ಯಾಗ ಪರಸಿ ಹಾಕ್ಸೀವಲ್ಲ, ಅದೆಲ್ಲಾ ಹವಳ ಕಟ್ಟಿದ್ದ."

ಮೊದಲ ಮಾತು ಸರಿ. ಎರಡನೆಯದು ವಾರವಿಡೀ ನನ್ನನ್ನು ಕಾಡಿತು.

ಹವಳ ಎಂದೊಡನೆ ನಮ್ಮ ಪಠ್ಯಪುಸ್ತಕಗಳು ಬಿಸಿಲು, ತಿಳಿನೀರು, ಬಣ್ಣದ ಮೀನು ಬಿಡಿಸಿಬಿಡುತ್ತವೆ. ನನಗೆ ಸಿಟ್ಟು ಬರುವುದು ಇಲ್ಲೇ. ಕಲ್ಲುಹವಳದ ಜಾತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಮೈಯೊಳಗೆ ಪಾಚಿಯೂ ಇಲ್ಲ, ಬಿಸಿಲೂ ಬೇಡ. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನಲ್ಲಿದ್ದ ಆಲ್ಫ್ರೆಡ್ ಆಲ್‌ಕಾಕ್, 'ಇನ್ವೆಸ್ಟಿಗೇಟರ್' ಹಡಗು ಆಳಸಮುದ್ರದಿಂದ ಎತ್ತಿ ತಂದ ಹವಳಗಳ ಮೇಲೆ 1898ರಲ್ಲೇ ಗ್ರಂಥ ಬರೆದ. ಪುಸ್ತಕದ ಚಿತ್ರ ಮಾತ್ರ ಇನ್ನೂ ಬದಲಾಗಿಲ್ಲ.

ಡೆಸ್ಮೋಫಿಲಂ ಡಯಾಂಥಸ್ ತೆಗೆದುಕೊಳ್ಳಿ. ಕತ್ತಲ ತಣ್ಣೀರಿನ ಒಂಟಿ ಹವಳ. ಒಂದು ಪಾಲಿಪ್, ಅದಕ್ಕೊಂದು ಕಲ್ಲಿನ ಬಟ್ಟಲು. ಲಾರ್ವಾ ಬಂಡೆಗೆ ಅಂಟಿ ಮೊದಲು ತಳ ಹಾಸುತ್ತದೆ. ಆ ತಳದ ಮೇಲೆ ಆರು ಸೆಪ್ಟಗಳು (ಬಟ್ಟಲೊಳಗಿನ ಕಲ್ಲಿನ ತಡಿಕೆಗಳು) ಏಳುತ್ತವೆ, ಅವುಗಳ ನಡುವೆ ಇನ್ನಾರು. ಆಮೇಲೆ 12, ಆಮೇಲೆ 24, ಆಮೇಲೆ 48. ಐದು ಸುತ್ತು ತುಂಬಿದಾಗ 96. ಮೇಲಿನಿಂದ ನೋಡಿದರೆ ಮೊದಲೆರಡು ಸುತ್ತಿನವು ಬಟ್ಟಲಿನ ಅಂಚು ಮೀರಿ ಎದ್ದು ನಿಂತಿರುತ್ತವೆ. ಕೊನೆಯ ಸುತ್ತಿನವು ತೀರ ತೆಳು. ಪ್ರತಿ ಸೆಪ್ಟದಲ್ಲೂ ನಡುವಿನ ಗೆರೆ ಬೇಗ ಗಟ್ಟಿಯಾಗುತ್ತದೆ, ಎರಡೂ ಬದಿಗೆ ಅರಗೊನೈಟ್ ಎಂಬ ಸುಣ್ಣಖನಿಜದ ನಾರುಗಳು ನಿಧಾನವಾಗಿ ಕೂಡುತ್ತ ಹೋಗುತ್ತವೆ. ಬೆಳವಣಿಗೆ ವರ್ಷಕ್ಕೆ ಒಂದೆರಡು ಮಿಲಿಮೀಟರ್, ಎಷ್ಟೋ ಕಡೆ ಅದಕ್ಕೂ ಕಡಿಮೆ. ಬೆಳೆಯುತ್ತ ಅದು ಕಡಲ ನೀರಿನ ಯುರೇನಿಯಂ ಅನ್ನೂ ಚೂರುಚೂರು ಸೇರಿಸಿಕೊಳ್ಳುತ್ತದೆ. ಅದರಿಂದ ಹುಟ್ಟಿದ ಥೋರಿಯಂ ಅಳೆದು ಸತ್ತ ಬಟ್ಟಲಿನ ವಯಸ್ಸು ಹೇಳುತ್ತಾರೆ.

ಡೆಸ್ಮೋಫಿಲಂನಂತೆ ಆರರ ಲೆಕ್ಕದಲ್ಲಲ್ಲ, ನಾಲ್ಕರ ಲೆಕ್ಕದಲ್ಲಿ ಸೆಪ್ಟ ಬೆಳೆಸುವ ರೂಗೋಸ ಹವಳಗಳೂ ಹಿಂದೆ ಇದ್ದವು. ಅವು ಅಳಿದದ್ದು ಸುಮಾರು 25 ಕೋಟಿ ವರ್ಷಗಳ ಹಿಂದೆ. ಆರರ ಲೆಕ್ಕದವುಗಳ ಪಳೆಯುಳಿಕೆ ಸಿಗುವುದು ಸುಮಾರು 24 ಕೋಟಿ ವರ್ಷಗಳಿಂದ ಈಚೆಗೆ. ನೆಲಕ್ಕೆ ಹಾಸುವ ನಮ್ಮ ಪರಸಿ ಬರುವ ಭೀಮಾ ಜಲಾನಯನದ ಸುಣ್ಣಕಲ್ಲನ್ನಾದರೋ ಭೂವಿಜ್ಞಾನಿಗಳು 54 ಕೋಟಿ ವರ್ಷಗಳಿಗೂ ಹಿಂದಕ್ಕೆ, ಚಿಪ್ಪು-ಎಲುಬಿನ ಪ್ರಾಣಿಗಳು ಹೆಚ್ಚುವ ಮೊದಲಿನ, ಈ ಹವಳಗಳು ಯಾವುವೂ ಇಲ್ಲದ ಕಾಲಕ್ಕೆ ಇಡುತ್ತಾರೆ.

ಈ ಲೆಕ್ಕ ಹಾಕುತ್ತ ಕೂತಾಗ ನಾನು ಕೇಳಬೇಕಿದ್ದ ಪ್ರಶ್ನೆ ಬೇರೆಯೇ ಇದೆ ಅನ್ನಿಸಿತು: ನಮ್ಮ ಪರಸಿ ಯಾಕೆ ಇಷ್ಟು ಸಪಾಟಾಗಿ ಸೀಳುತ್ತದೆ? ಹವಳ ಕಟ್ಟಿದ ಕಲ್ಲಿನಲ್ಲಿ ಕೊಂಬೆ, ಬಟ್ಟಲು, ಸಂದುಗಳ ಗುಡ್ಡೆ ಇರುತ್ತದೆ. ಅದು ಹೀಗೆ ಹಾಳೆ ಹಾಳೆಯಾಗಿ ಬಿಡುವುದಿಲ್ಲ. ಇಲ್ಲಿ ಆಳವಿಲ್ಲದ ಕಡಲ ತಳಕ್ಕೆ ಸುಣ್ಣದ ಕೆಸರು ಪದರ ಪದರವಾಗಿ ಇಳಿದಿದೆ, ಅದನ್ನು ಕದಡಲು ಬಿಲ ತೋಡುವ ಜೀವಿಗಳ ಕಾಟವೂ ಇರಲಿಲ್ಲ. ಅಂಥ ಕಾಲದ ಕಡಲುಗಳಲ್ಲಿ ಕಣ್ಣಿಗೆ ಕಾಣದ ಸಯನೋಬ್ಯಾಕ್ಟೀರಿಯಾಗಳು ಬಿಸಿಲು ಉಂಡು ನೀರಿನ ಇಂಗಾಲದ ಡೈಆಕ್ಸೈಡ್ ಹೀರುತ್ತಿದ್ದವು. ಅದು ಕಡಿಮೆಯಾದಲ್ಲಿ ಸುಣ್ಣ ಬೇರ್ಪಟ್ಟು ಇಳಿಯುತ್ತಿತ್ತು. ಬಿಸಿಲು ಬೇಕಿದ್ದದ್ದು ಇವಕ್ಕೆ. ಹವಳದ ಚಿತ್ರಕ್ಕೆ ಬಳಿದ ಬಿಸಿಲನ್ನು ನಮ್ಮ ಪುಸ್ತಕಗಳು ಇಲ್ಲಿ ಒಂದಿಷ್ಟು ಬಳಿದಿದ್ದರೆ ಚೆನ್ನಾಗಿತ್ತು.

ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಸುರಪುರದ ಗುಡ್ಡಗಳು, ಯಾದಗಿರಿ ಕೋಟೆಯ ಬಂಡೆ, ಇವೆಲ್ಲ ಆ ಕಡಲಿಗೂ ಮುಂಚಿನ ಗ್ರಾನೈಟ್. ಅದರ ಮೇಲೆಯೇ ಕಡಲು ಏರಿ ಬಂದದ್ದು. ಈ ಭಾಗದ ಮಾಸ್ತರರಲ್ಲಿ ನನ್ನ ಬೇಡಿಕೆ ಇಷ್ಟೆ: ಮಕ್ಕಳನ್ನು ಒಂದು ದಿನ ಗೋಗಿ ಊರಿನ ಕಡೆ ಕರೆದೊಯ್ಯಿರಿ, ಗ್ರಾನೈಟ್ ಮುಗಿದು ಸುಣ್ಣಕಲ್ಲು ಶುರುವಾಗುವ ಜಾಗ ತೋರಿಸಿ, ಒಡೆದ ಪರಸಿಯ ಅಂಚು ಕೈಗೆ ಕೊಟ್ಟು ಪದರ ಎಣಿಸಲು ಹೇಳಿ.