ವೈನ್ ಹರಾಜಿನ ಹಣದಲ್ಲಿ ಒಪೆರಾ: ಔದಾರ್ಯದ ಹಿಂದಿನ ಲೆಕ್ಕಾಚಾರ

ಅಮೆರಿಕದ ಕೆಲವು ಒಪೆರಾ ಸಂಸ್ಥೆಗಳಿಗೆ ವರ್ಷದಲ್ಲಿ ಒಂದು ಸಂಜೆ ಸಂಗೀತಕ್ಕಿಂತ ಹರಾಜೇ ಮುಖ್ಯವಾಗುತ್ತದೆ. ಭೋಜನದ ಮೇಜುಗಳ ನಡುವೆ ಹರಾಜು ಕೂಗುವವರು ನಿಲ್ಲುತ್ತಾರೆ. ಸಿರಿವಂತ ಸಂಗ್ರಾಹಕರು ತಮ್ಮ ಮನೆಯ ನೆಲಮಾಳಿಗೆಯಿಂದ ದಾನವಾಗಿ ಕೊಟ್ಟ ಹಳೆಯ ವೈನ್ ಬಾಟಲಿಗಳು ಒಂದೊಂದಾಗಿ ಸವಾಲಿಗೆ ಬರುತ್ತವೆ. ಸಂಖ್ಯೆ ಬರೆದ ಫಲಕ ಮೇಲೆತ್ತಿದಂತೆಲ್ಲ ಬೆಲೆ ಏರುತ್ತದೆ. ಅಂಗಡಿಯ ದರಕ್ಕಿಂತ ಎಷ್ಟೋ ಹೆಚ್ಚು ಕೊಟ್ಟು ಕೊಂಡವರಿಗೆ ಸಭೆ ಚಪ್ಪಾಳೆ ತಟ್ಟುತ್ತದೆ. ಆ ಹಣ ಗಾಯಕರು, ವಾದ್ಯಗಾರರು, ರಂಗಸಜ್ಜಿಕೆಯ ಬಡಗಿಗಳು ಹಾಗೂ ದರ್ಜಿಗಳ ಸಂಬಳಕ್ಕೆ ಒದಗುತ್ತದೆ.

ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ಗ್ರ್ಯಾಂಡ್ ಒಪೆರಾ ಇಂತಹ ವೈನ್ ಭೋಜನ ಮತ್ತು ಹರಾಜನ್ನು ನಡೆಸಿಕೊಂಡು ಬಂದಿರುವ ಸಂಸ್ಥೆಗಳಲ್ಲಿ ಒಂದು. 1955ರಲ್ಲಿ ಹುಟ್ಟಿದ ಈ ಸಂಸ್ಥೆ 1987ರಲ್ಲಿ ‘ನಿಕ್ಸನ್ ಇನ್ ಚೈನಾ’ ಒಪೆರಾದ ಮೊದಲ ಪ್ರದರ್ಶನ ನೀಡಿ ಹೆಸರು ಮಾಡಿತು. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತದ ನೆರೆ ಅದರ ರಂಗಮಂದಿರಕ್ಕೆ ನುಗ್ಗಿದಾಗ, ನಗರದ ಸಮಾವೇಶ ಭವನದಲ್ಲೇ ತಾತ್ಕಾಲಿಕ ರಂಗ ಕಟ್ಟಿ ಪ್ರದರ್ಶನಗಳನ್ನು ಮುಂದುವರಿಸಿತು. ದಾನಿಗಳ ಬೆಂಬಲವಿಲ್ಲದೆ ಇಂತಹ ಸಂಸ್ಥೆ ಒಂದು ಋತುವನ್ನೂ ದಾಟುವುದು ಕಷ್ಟ ಎಂಬುದರಲ್ಲಿ ಅನುಮಾನವಿಲ್ಲ.

ಆದರೆ ಒಂದು ಕಲೆಯ ಉಳಿವು ಕೆಲವೇ ಜನರ ಸಂಜೆಯ ಉತ್ಸಾಹವನ್ನು ಎಷ್ಟರಮಟ್ಟಿಗೆ ಅವಲಂಬಿಸಬಹುದು? ಕಳೆದ ಎರಡು ದಶಕಗಳಲ್ಲಿ ಒಪೆರಾ ಲೋಕ ಕಂಡ ಏಳುಬೀಳುಗಳು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಮುಂದಿಟ್ಟಿವೆ.

ಆಸ್ಪತ್ರೆಯಿಂದ ಆರಂಭ

ವೈನ್ ಹರಾಜಿನಿಂದ ಧರ್ಮಕಾರ್ಯ ನಡೆಸುವ ಪದ್ಧತಿ ಹೊಸದಲ್ಲ. ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಬೋನ್ ಪಟ್ಟಣದಲ್ಲಿ 1443ರಲ್ಲಿ ನಿಕೋಲಾ ರೋಲಾಂ ಎಂಬ ರಾಜ್ಯಾಧಿಕಾರಿ ಬಡವರಿಗಾಗಿ ಆಸ್ಪತ್ರೆ ಕಟ್ಟಿಸಿದರು. ಶತಮಾನಗಳ ಕಾಲ ಭಕ್ತರು ಆ ಆಸ್ಪತ್ರೆಗೆ ದ್ರಾಕ್ಷಿ ತೋಟಗಳನ್ನು ದಾನ ಮಾಡುತ್ತ ಬಂದರು. ಆ ತೋಟಗಳ ವೈನನ್ನು 1859ರಿಂದ ಹರಾಜು ಹಾಕಲಾಗುತ್ತಿದೆ. ನವೆಂಬರ್ ತಿಂಗಳ ಮೂರನೇ ಭಾನುವಾರ ನಡೆಯುವ ಈ ಹರಾಜಿನಲ್ಲಿ ಮಾರಾಟವಾಗುವುದು ಬಾಟಲಿಗಳಲ್ಲ, ಆ ವರ್ಷದ ಹೊಸ ವೈನ್ ತುಂಬಿದ 228 ಲೀಟರಿನ ಪೀಪಾಯಿಗಳು. 2022ರ ಹರಾಜಿನಲ್ಲಿ ಸುಮಾರು 800 ಪೀಪಾಯಿಗಳಿಂದ 3 ಕೋಟಿ ಯೂರೋಗೂ ಹೆಚ್ಚು ಹಣ ಬಂದಿತು.

ಬೋನ್ ಮಾದರಿಯಿಂದ ಪ್ರೇರಣೆ ಪಡೆದ ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ವೈನ್ ತಯಾರಕರು 1981ರಲ್ಲಿ ತಮ್ಮದೇ ಹರಾಜು ಆರಂಭಿಸಿದರು. ಸ್ಥಳೀಯ ಆರೋಗ್ಯ ಸೇವೆಗೆ ಹಣ ಕೂಡಿಸುವುದು ಅದರ ಉದ್ದೇಶವಾಗಿತ್ತು. 2000ದ ಹರಾಜಿನಲ್ಲಿ 1992ರ ‘ಸ್ಕ್ರೀಮಿಂಗ್ ಈಗಲ್’ ವೈನಿನ ಆರು ಲೀಟರ್ ಬಾಟಲಿಯೊಂದು 5 ಲಕ್ಷ ಡಾಲರ್‌ಗೆ ಹೋಯಿತು. ವಸ್ತುವಿನ ಬೆಲೆಗೂ ಕೂಗಿದ ಮೊತ್ತಕ್ಕೂ ಸಂಬಂಧವೇ ಇರಬೇಕಿಲ್ಲ ಎಂಬುದು ಅಂದು ಸ್ಪಷ್ಟವಾಯಿತು. ಕಲಾ ಸಂಸ್ಥೆಗಳಿಗೂ ಈ ದಾರಿ ಆಕರ್ಷಕವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಒಪೆರಾಕ್ಕೆ ಹೋಗುವ ವರ್ಗಕ್ಕೂ ಬೆಲೆಬಾಳುವ ವೈನ್ ಸಂಗ್ರಹಿಸುವ ವರ್ಗಕ್ಕೂ ನಡುವೆ ಅಂತರ ಕಡಿಮೆ.

ಆದರೆ ಬೋನ್ ಮತ್ತು ಒಪೆರಾ ಹರಾಜುಗಳ ನಡುವೆ ಮುಖ್ಯವಾದ ವ್ಯತ್ಯಾಸವೊಂದಿದೆ. ಬೋನ್ ಆಸ್ಪತ್ರೆಗೆ ಸ್ವಂತ ತೋಟವಿದೆ. ಬೆಲೆ ಏರಿಳಿದರೂ ಪ್ರತಿ ವರ್ಷ ಫಸಲು ಬರುತ್ತದೆ. ಒಪೆರಾ ಸಂಸ್ಥೆಗೆ ಅಂತಹ ಆಸ್ತಿ ಇಲ್ಲ. ಅದು ಬಾಟಲಿ ಕೊಡುವವರನ್ನೂ ಕೊಳ್ಳುವವರನ್ನೂ ಪ್ರತಿ ವರ್ಷ ಹೊಸದಾಗಿ ಒಲಿಸಿಕೊಳ್ಳಬೇಕು.

ತೆರಿಗೆಯ ಪಾಲು

ಹರಾಜಿನಲ್ಲಿ ಕೊಟ್ಟದ್ದೆಲ್ಲ ದಾನವಲ್ಲ. ದಾನಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ನೀಡುವ ವ್ಯವಸ್ಥೆ ಅಮೆರಿಕದಲ್ಲಿ 1917ರಿಂದ ಇದೆ. ಹರಾಜಿನಲ್ಲಿ ವಸ್ತು ಕೊಂಡವರಿಗೆ ಅದರ ಮಾರುಕಟ್ಟೆ ಬೆಲೆಯನ್ನು ಕಳೆದು ಉಳಿದ ಮೊತ್ತಕ್ಕೆ ಮಾತ್ರ ಈ ವಿನಾಯಿತಿ ಸಿಗುತ್ತದೆ. 2,000 ಡಾಲರ್ ಬೆಲೆಯ ವೈನನ್ನು 5,000 ಡಾಲರ್‌ಗೆ ಕೊಂಡರೆ ದಾನವೆಂದು ಪರಿಗಣಿಸಲಾಗುವುದು 3,000 ಡಾಲರ್ ಮಾತ್ರ. ಕೊಂಡವರು ಅತಿ ಹೆಚ್ಚಿನ ತೆರಿಗೆ ದರದವರಾಗಿದ್ದರೆ, ಆ 3,000 ಡಾಲರ್‌ನಲ್ಲಿ ಸಾವಿರದಷ್ಟು ಅವರಿಗೆ ತೆರಿಗೆ ಉಳಿತಾಯದ ರೂಪದಲ್ಲಿ ಮರಳುತ್ತದೆ. ಬಾಟಲಿ ದಾನ ಕೊಟ್ಟವರಿಗೂ ಮಿತಿಯಿದೆ. ಸಂಗ್ರಹದಲ್ಲಿದ್ದ ವೈನಿನ ಬೆಲೆ ಎಷ್ಟೇ ಏರಿರಲಿ, ಮಾರುವುದಕ್ಕೆಂದು ಕೊಟ್ಟಾಗ ಸಾಮಾನ್ಯವಾಗಿ ಅವರು ಕೊಂಡ ಬೆಲೆಯಷ್ಟೇ ಲೆಕ್ಕಕ್ಕೆ ಬರುತ್ತದೆ.

ಇದರ ಅರ್ಥ ಸರಳ. ಹರಾಜಿನ ಸಭಾಂಗಣದೊಳಗೆ ಕಾಲಿಡದ ಸಾಮಾನ್ಯ ತೆರಿಗೆದಾರರೂ ಅಲ್ಲಿನ ಔದಾರ್ಯದಲ್ಲಿ ಪಾಲುದಾರರು. ಸರ್ಕಾರದ ಬೊಕ್ಕಸಕ್ಕೆ ಬರಬೇಕಿದ್ದ ಹಣ ಒಪೆರಾಕ್ಕೆ ಹೋಗುತ್ತದೆ; ಆದರೆ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವವರು ಫಲಕ ಎತ್ತಿದವರು. ಅಮೆರಿಕದಲ್ಲಿ ಕಲೆಗೆ ಸರ್ಕಾರ ಹಣ ಕೊಡುವುದಿಲ್ಲ ಎಂಬ ಮಾತು ಅರ್ಧ ಸತ್ಯ. ಅದು ಕೊಡುತ್ತದೆ, ಆದರೆ ಸಿರಿವಂತರ ಕೈಯಿಂದ ಕೊಡಿಸುತ್ತದೆ.

ಖರ್ಚಿನ ಬಾಬತ್ತು ಬೇರೆಯೇ ಇದೆ. ಸಭಾಂಗಣದ ಬಾಡಿಗೆ, ಭೋಜನ, ಸಿಬ್ಬಂದಿ, ವೈನಿನ ವಿಮೆ ಮತ್ತು ಸಾಗಣೆ ಎಲ್ಲವನ್ನೂ ಕಳೆದ ಮೇಲೆ ಉಳಿಯುವುದೇ ನಿಜವಾದ ಆದಾಯ. ಬಾಟಲಿಯ ಅಸಲಿತನವನ್ನೂ ಪರೀಕ್ಷಿಸಬೇಕು. ಅಗ್ಗದ ವೈನನ್ನು ಬೆರೆಸಿ ಹಳೆಯ ಪ್ರಸಿದ್ಧ ವೈನುಗಳ ಹೆಸರಿನಲ್ಲಿ ಮಾರಿದ್ದಕ್ಕಾಗಿ ರೂಡಿ ಕುರ್ನಿಯವಾನ್ ಎಂಬ ವ್ಯಾಪಾರಿಗೆ ನ್ಯೂಯಾರ್ಕಿನ ನ್ಯಾಯಾಲಯ 2014ರಲ್ಲಿ 10 ವರ್ಷಗಳ ಸೆರೆವಾಸ ವಿಧಿಸಿತು. ಆ ಪ್ರಕರಣದ ನಂತರ ಹರಾಜು ನಡೆಸುವವರೆಲ್ಲರ ಹೊಣೆ ಹೆಚ್ಚಿದೆ.

ಸದಾ ಕೊರತೆಯ ಕಲೆ

ಟಿಕೆಟ್ ಮಾರಿ ಒಪೆರಾ ನಡೆಸಬಾರದೇಕೆ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬೋಮಲ್ ಮತ್ತು ವಿಲಿಯಂ ಬೋವೆನ್ 1966ರಷ್ಟು ಹಿಂದೆಯೇ ಉತ್ತರಿಸಿದ್ದರು. ಯಂತ್ರಗಳು ಬಂದಂತೆ ಕಾರ್ಖಾನೆಯಲ್ಲಿ ಒಬ್ಬ ಕಾರ್ಮಿಕ ಗಂಟೆಗೆ ತಯಾರಿಸುವ ಸರಕು ಹೆಚ್ಚುತ್ತದೆ, ಅದರೊಂದಿಗೆ ಕೂಲಿಯೂ ಹೆಚ್ಚುತ್ತದೆ. ರಂಗದ ಮೇಲೆ ಹಾಗಾಗುವುದಿಲ್ಲ. ಮೊಜಾರ್ಟ್ 1786ರಲ್ಲಿ ರಚಿಸಿದ ‘ಫಿಗಾರೋನ ಮದುವೆ’ಗೆ ಅಂದು ಬೇಕಿದ್ದಷ್ಟೇ ಗಾಯಕರು, ಅಷ್ಟೇ ಹೊತ್ತು ಇಂದೂ ಬೇಕು. ಆದರೆ ಗಾಯಕರ ಸಂಬಳ ಹಳೆಯ ಕಾಲದಲ್ಲೇ ನಿಲ್ಲಲಾಗದು. ಉಳಿದ ವೃತ್ತಿಗಳ ಜತೆ ಅದೂ ಏರಲೇಬೇಕು. ವ್ಯಾಗ್ನರ್‌ನ ‘ರಿಂಗ್’ ಸರಣಿಗೆ ನಾಲ್ಕು ರಾತ್ರಿ, 90ಕ್ಕೂ ಹೆಚ್ಚು ವಾದ್ಯಗಾರರು ಬೇಕು. ಇದರಲ್ಲಿ ಮಿತವ್ಯಯಕ್ಕೆ ಎಡೆಯೆಲ್ಲಿ?

ಹೀಗಾಗಿ ಒಪೆರಾದ ಕೊರತೆ ಆಡಳಿತದ ಅದಕ್ಷತೆಯಿಂದ ಮಾತ್ರ ಹುಟ್ಟಿದ್ದಲ್ಲ. ಅದು ಕಲೆಯ ಸ್ವರೂಪದಲ್ಲೇ ಇದೆ ಮತ್ತು ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಅಮೆರಿಕದ ದೊಡ್ಡ ಒಪೆರಾ ಸಂಸ್ಥೆಗಳಲ್ಲಿ ಟಿಕೆಟ್ ಮಾರಾಟದಿಂದ ಖರ್ಚಿನ ಅರ್ಧ ಭಾಗವೂ ಹುಟ್ಟುವುದು ವಿರಳ. ಕಾಯಂ ಆಗಿ ಬೆಳೆಯುವ ಕೊರತೆಯನ್ನು ವರ್ಷಕ್ಕೊಮ್ಮೆ ಬರುವ, ಮೊತ್ತ ಖಚಿತವಿಲ್ಲದ ಆದಾಯದಿಂದ ತುಂಬುವ ಪ್ರಯತ್ನವೇ ಇಲ್ಲಿನ ಮೂಲ ಸಮಸ್ಯೆ.

ದಾನಿ ಕೈಬಿಟ್ಟಾಗ

ಒಬ್ಬನೇ ದೊಡ್ಡ ದಾನಿಯನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಆಲ್ಬರ್ಟೊ ವಿಲಾರ್ ಪ್ರಕರಣ ಸಾಕ್ಷಿ. ತಂತ್ರಜ್ಞಾನ ಷೇರುಗಳ ಹೂಡಿಕೆಯಿಂದ ಸಿರಿವಂತರಾದ ಅವರು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ, ಲಂಡನ್ನಿನ ರಾಯಲ್ ಒಪೆರಾ ಹೌಸ್ ಮುಂತಾದ ಸಂಸ್ಥೆಗಳಿಗೆ ಕೋಟಿಗಟ್ಟಲೆ ಡಾಲರ್ ವಾಗ್ದಾನ ಮಾಡಿದ್ದರು. ಕಟ್ಟಡಗಳ ಭಾಗಗಳಿಗೆ ಅವರ ಹೆಸರಿಡಲಾಯಿತು. ಷೇರುಪೇಟೆ ಕುಸಿದಾಗ ವಾಗ್ದಾನದ ಹಣ ಪೂರ್ತಿ ಬರಲಿಲ್ಲ. ಹೆಸರಿನ ಫಲಕಗಳನ್ನು ತೆಗೆಯಬೇಕಾಯಿತು. 2008ರಲ್ಲಿ ಹೂಡಿಕೆದಾರರಿಗೆ ವಂಚಿಸಿದ ಆರೋಪ ಸಾಬೀತಾಗಿ ಅವರು ಸೆರೆಮನೆ ಸೇರಿದರು.

1943ರಲ್ಲಿ ಸಾಮಾನ್ಯರ ಕೈಗೆಟಕುವ ದರದಲ್ಲಿ ಒಪೆರಾ ನೀಡುವ ಉದ್ದೇಶದಿಂದ ಸ್ಥಾಪನೆಯಾದ ನ್ಯೂಯಾರ್ಕ್ ಸಿಟಿ ಒಪೆರಾದ ಕಥೆ ಇನ್ನೂ ದಾರುಣ. ಕಷ್ಟಕಾಲದಲ್ಲಿ ಅದು ತನ್ನ ಮೂಲನಿಧಿಗೇ ಕೈಹಾಕಿತು. ನಿಧಿ ಕರಗಿದಂತೆ ಬಡ್ಡಿಯೂ ಕರಗಿತು. 2013ರಲ್ಲಿ ಅಂತರ್ಜಾಲದ ಮೂಲಕ 10 ಲಕ್ಷ ಡಾಲರ್ ಕೋರಿದಾಗ ಬಂದದ್ದು ಸುಮಾರು 3 ಲಕ್ಷ ಮಾತ್ರ. ಆ ವರ್ಷದ ಅಕ್ಟೋಬರ್‌ನಲ್ಲಿ ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿತು. 2016ರಲ್ಲಿ ಹೊಸ ಆಡಳಿತದಡಿ ಹೆಸರು ಮರುಹುಟ್ಟು ಪಡೆದರೂ ಹಳೆಯ ವೈಭವ ಮರಳಲಿಲ್ಲ.

ಮರು ವರ್ಷವೇ ಕ್ಯಾಲಿಫೋರ್ನಿಯಾದಲ್ಲಿ ತದ್ವಿರುದ್ಧ ಬೆಳವಣಿಗೆ ನಡೆಯಿತು. 2014ರ ಮಾರ್ಚ್‌ನಲ್ಲಿ ಸ್ಯಾನ್ ಡಿಯೇಗೊ ಒಪೆರಾದ ಆಡಳಿತ ಮಂಡಳಿ ಸಂಸ್ಥೆಯನ್ನು ಮುಚ್ಚಲು ತೀರ್ಮಾನಿಸಿತು. ಕಲಾವಿದರೂ ಪ್ರೇಕ್ಷಕರೂ ಪ್ರತಿಭಟಿಸಿದರು. ಸಾರ್ವಜನಿಕರಿಂದ 20 ಲಕ್ಷ ಡಾಲರ್‌ಗೂ ಹೆಚ್ಚು ಹಣ ಸೇರಿತು. ಮೇ ತಿಂಗಳಲ್ಲಿ ತೀರ್ಮಾನವನ್ನು ಹಿಂತೆಗೆದುಕೊಳ್ಳಲಾಯಿತು. ಸಣ್ಣ ದಾನಿಗಳ ಗುಂಪು ಎಲ್ಲ ಕಡೆ ಗೆಲ್ಲುವುದಿಲ್ಲ. ಆದರೆ ಊರಿಗೆ ಸಂಸ್ಥೆ ತನ್ನದೆನಿಸಿದ ಕಡೆ ಗೆಲ್ಲಬಲ್ಲದು ಎಂಬುದನ್ನು ಈ ಎರಡು ಪ್ರಕರಣಗಳು ತೋರಿಸುತ್ತವೆ.

ದೊಡ್ಡ ಸಂಸ್ಥೆಗಳೂ ಸುರಕ್ಷಿತವಾಗಿಲ್ಲ. ಕೋವಿಡ್ ನಂತರ ಪ್ರೇಕ್ಷಕರು ನಿರೀಕ್ಷಿಸಿದಷ್ಟು ಮರಳದಿದ್ದಾಗ, ಮೆಟ್ರೊಪಾಲಿಟನ್ ಒಪೆರಾ ತನ್ನ ಮೂಲನಿಧಿಯಿಂದ 3 ಕೋಟಿ ಡಾಲರ್‌ವರೆಗೆ ತೆಗೆಯುವುದಾಗಿಯೂ ಪ್ರದರ್ಶನಗಳನ್ನು ಶೇ 10ರಷ್ಟು ಕಡಿತಗೊಳಿಸುವುದಾಗಿಯೂ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. 2024ರ ಆರಂಭದ ವೇಳೆಗೆ ಹೀಗೆ ತೆಗೆದ ಮೊತ್ತ 7 ಕೋಟಿ ಡಾಲರ್ ಸಮೀಪಿಸಿತ್ತು. ಯಾವ ಸಂಜೆಯ ಹರಾಜೂ ಇಂತಹ ಕಂದಕವನ್ನು ಮುಚ್ಚಲಾರದು.

ಸರ್ಕಾರದ ಆಸರೆಯೂ ಶಾಶ್ವತವಲ್ಲ

ಜರ್ಮನಿಯಲ್ಲಿ ಒಪೆರಾ ಮಂದಿರಗಳಿಗೆ ಮುಖ್ಯವಾಗಿ ರಾಜ್ಯ ಹಾಗೂ ನಗರಾಡಳಿತಗಳೇ ಹಣ ಕೊಡುತ್ತವೆ. ಬರ್ಲಿನ್ ನಗರವೊಂದರಲ್ಲೇ ಮೂರು ದೊಡ್ಡ ಒಪೆರಾ ಸಂಸ್ಥೆಗಳಿರಲು ಇದೇ ಕಾರಣ. ಆದರೆ ಅದೇ ಬರ್ಲಿನ್ 2025ರ ಸಂಸ್ಕೃತಿ ಅನುದಾನದಲ್ಲಿ ಸುಮಾರು 13 ಕೋಟಿ ಯೂರೋ ಕಡಿತ ಮಾಡಿತು. ಇಂಗ್ಲೆಂಡಿನಲ್ಲಿ 2022ರ ನವೆಂಬರ್‌ನಲ್ಲಿ ಕಲಾ ಮಂಡಳಿ, ವರ್ಷಕ್ಕೆ 1.2 ಕೋಟಿ ಪೌಂಡ್‌ಗೂ ಹೆಚ್ಚು ಅನುದಾನ ಪಡೆಯುತ್ತಿದ್ದ ಇಂಗ್ಲಿಷ್ ನ್ಯಾಷನಲ್ ಒಪೆರಾವನ್ನು ಕಾಯಂ ಪಟ್ಟಿಯಿಂದ ಕೈಬಿಟ್ಟು ಲಂಡನ್ನಿನಿಂದ ಹೊರಹೋಗಲು ಸೂಚಿಸಿತು. ವಿರೋಧ ಎದ್ದ ಮೇಲೆ ಅನುದಾನ ಭಾಗಶಃ ಮರಳಿತು. 2023ರ ಡಿಸೆಂಬರ್‌ನಲ್ಲಿ ಸಂಸ್ಥೆ ಗ್ರೇಟರ್ ಮ್ಯಾಂಚೆಸ್ಟರನ್ನು ಹೊಸ ನೆಲೆಯಾಗಿ ಆರಿಸಿಕೊಂಡಿತು.

ಆದರೂ ಒಂದು ಭೇದವನ್ನು ಮರೆಯುವಂತಿಲ್ಲ. ಸರ್ಕಾರ ಅನುದಾನ ಕಡಿತ ಮಾಡಿದಾಗ ಪ್ರಶ್ನಿಸಲು ಶಾಸನಸಭೆ ಇದೆ, ಪತ್ರಿಕೆಗಳಿವೆ, ಬೀದಿ ಇದೆ. ಹರಾಜಿನಲ್ಲಿ ಫಲಕ ಎತ್ತದೆ ಸುಮ್ಮನೆ ಕುಳಿತವರನ್ನು ಯಾರೂ ಪ್ರಶ್ನಿಸಲಾಗದು.

ಮೈಸೂರಿನ ನಂಟು

ಸಿರಿವಂತರ ಪೋಷಣೆಯೆಲ್ಲ ಆಡಂಬರವೆಂದು ತಳ್ಳಿಹಾಕುವುದೂ ಸರಿಯಲ್ಲ. ಇದಕ್ಕೆ ಕನ್ನಡ ನಾಡಿನ ಉದಾಹರಣೆಯೇ ಇದೆ. ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಪಾಶ್ಚಾತ್ಯ ಸಂಗೀತದ ಆಳವಾದ ಅರಿವುಳ್ಳವರು. ಲಂಡನ್ನಿನ ಫಿಲ್‌ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಗೆ 1948ರಲ್ಲಿ ಅವರೇ ಮೊದಲ ಅಧ್ಯಕ್ಷರು. ಪ್ರಸಿದ್ಧ ಒಪೆರಾ ಸಂಯೋಜಕ ರಿಚರ್ಡ್ ಸ್ಟ್ರಾಸ್ ಸಾವಿಗೆ ಮುನ್ನ ರಚಿಸಿದ ನಾಲ್ಕು ಗೀತೆಗಳನ್ನು ಒಪೆರಾ ಗಾಯಕಿ ಕಿರ್‌ಸ್ಟನ್ ಫ್ಲ್ಯಾಗ್‌ಸ್ಟಾಡ್ 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿ ಹಾಡಿದಾಗ, ಅದಕ್ಕೆ 4,800 ಡಾಲರ್ ಖಾತರಿ ನೀಡಿದವರು ಮೈಸೂರಿನ ಅರಸರು. ಪ್ರದರ್ಶನದ ಧ್ವನಿಮುದ್ರಿಕೆಯನ್ನು ಅವರಿಗಾಗಿ ಮೈಸೂರಿಗೆ ಕಳುಹಿಸಲಾಯಿತು. ಆ ಗೀತೆಗಳು ಇಂದು ಜಗತ್ತಿನ ಎಲ್ಲೆಡೆ ಹಾಡಲ್ಪಡುತ್ತಿವೆ.

ಆದರೆ ಅರಸರ ನೆರವಿಗೂ ಕಾಲಮಿತಿ ಇತ್ತು. ಮುಂದೆ 1964ರಲ್ಲಿ ವ್ಯವಸ್ಥಾಪಕ ವಾಲ್ಟರ್ ಲೆಗ್ ಫಿಲ್‌ಹಾರ್ಮೋನಿಯ ವಾದ್ಯವೃಂದವನ್ನು ನಿಲ್ಲಿಸಲು ಹೊರಟಾಗ, ಅದನ್ನು ಉಳಿಸಿದ್ದು ವಾದ್ಯಗಾರರೇ. ಅವರು ಒಟ್ಟುಗೂಡಿ ಸ್ವಯಮಾಡಳಿತದ ಸಂಸ್ಥೆಯಾಗಿ ಅದನ್ನು ಮುನ್ನಡೆಸಿದರು. ಒಂದು ಕೃತಿ ಬೆಳಕು ಕಾಣಲು ಪೋಷಕರೊಬ್ಬರು ಸಾಕಾಗಬಹುದು. ಸಂಸ್ಥೆಯೊಂದು ತಲೆಮಾರುಗಳ ಕಾಲ ಬದುಕಲು ಅದಕ್ಕಿಂತ ಅಗಲವಾದ ತಳಹದಿ ಬೇಕು.

ಯಾವುದಕ್ಕೆ ಯಾವ ಹಣ?

ಒಪೆರಾ ಸಂಸ್ಥೆಗಳು ವೈನ್ ಹರಾಜನ್ನು ಕೈಬಿಡಬೇಕೆಂದು ಇದರಿಂದ ಹೇಳಲಾಗದು. ಹೊಸ ಕೃತಿಯೊಂದರ ನಿರ್ಮಾಣ, ಯುವ ಗಾಯಕರ ತರಬೇತಿ, ಶಾಲಾ ಮಕ್ಕಳಿಗೆ ಉಚಿತ ಪ್ರವೇಶದಂತಹ ಕೆಲಸಗಳಿಗೆ ಅದರ ಹಣ ಸೂಕ್ತ. ಒಂದು ವರ್ಷ ಕಡಿಮೆ ಬಂದರೆ ಇಂತಹ ಯೋಜನೆಯನ್ನು ಮುಂದೂಡಬಹುದು. ವಾದ್ಯಗಾರರ ತಿಂಗಳ ಸಂಬಳವನ್ನು ಹಾಗೆ ಮುಂದೂಡಲಾಗದು. ಅದಕ್ಕೆ ಭದ್ರವಾದ ಮೂಲನಿಧಿ, ಸಾರ್ವಜನಿಕ ಅನುದಾನ ಮತ್ತು ಸಾವಿರಾರು ಸಣ್ಣ ದಾನಿಗಳು ಬೇಕು.

ಜತೆಗೆ, ಹರಾಜಿನ ಮರುದಿನ ಕೇವಲ ಒಟ್ಟು ಮೊತ್ತವನ್ನು ಘೋಷಿಸುವ ಬದಲು ಖರ್ಚು ಕಳೆದು ಉಳಿದದ್ದೆಷ್ಟು, ಅದು ಯಾವ ಕೆಲಸಕ್ಕೆ ಹೋಯಿತು ಎಂಬುದನ್ನೂ ಸಂಸ್ಥೆಗಳು ಪ್ರಕಟಿಸುವುದು ನ್ಯಾಯ. ತೆರಿಗೆ ವಿನಾಯಿತಿಯ ಮೂಲಕ ಹಣ ತೊಡಗಿಸಿದ ನಾಗರಿಕರಿಗೆ ಆ ಲೆಕ್ಕ ಕೇಳುವ ಹಕ್ಕಿದೆ. ಅವರಲ್ಲಿ ಒಪೆರಾ ಟಿಕೆಟ್ ಕೊಳ್ಳಲಾಗದವರೂ ಇದ್ದಾರೆ. ಅವರಿಗೂ ಒಂದು ಸಂಜೆ ಆ ರಂಗಮಂದಿರದಲ್ಲಿ ಆಸನ ಸಿಗುವಂತಾದರೆ, ಹರಾಜಿನಲ್ಲಿ ಕೂಗಿದ ಹೆಚ್ಚುವರಿ ಬೆಲೆಗೆ ಸಾರ್ವಜನಿಕ ಸಮರ್ಥನೆ ದೊರೆತಂತಾಗುತ್ತದೆ.