ಕುಂಟುವ ಕುದುರೆಗೂ ಒಂದು ರಜೆ ಬೇಡವೇ?

ದೀಪಾವಳಿ, ಕ್ರಿಸ್‌ಮಸ್ ರಜೆಗಳು ಬಂದುವೆಂದರೆ ಮುಂಬಯಿ-ಪುಣೆಗಳ ಕನ್ನಡ ಕುಟುಂಬಗಳು ಮಾಥೇರಾನಿನ ದಾರಿ ಹಿಡಿಯುವುದು ಹೊಸತಲ್ಲ. ದಸ್ತೂರಿ ನಾಕೆಯಲ್ಲಿ ಮೋಟಾರು ನಿಲ್ಲುತ್ತದೆ. ಅಲ್ಲಿಂದ ಮುಂದೆ ಕಾಲ್ನಡಿಗೆ, ಪುಟಾಣಿ ರೈಲು, 2022ರ ಡಿಸೆಂಬರಿನಲ್ಲಿ ಪ್ರಯೋಗಕ್ಕೆ ಬಂದ ಇ-ರಿಕ್ಷಾ, ಇಲ್ಲವಾದರೆ ಕುದುರೆ. ಮಕ್ಕಳ ಹಟದ ಮುಂದೆ ಗೆಲ್ಲುವುದು ಕುದುರೆಯೇ. ಬಾಡಿಗೆಯ ದರಕ್ಕಾಗಿ ನಾವು ಕಾಲು ಗಂಟೆ ಚೌಕಾಶಿ ಮಾಡುತ್ತೇವೆ. ಕುದುರೆಯ ಕಾಲಿನ ಕಡೆ ಕಾಲು ನಿಮಿಷವೂ ನೋಡುವುದಿಲ್ಲ. ನಮ್ಮ ತಕರಾರು ಇಲ್ಲಿಂದಲೇ ಆರಂಭ.

ಕುದುರೆಯನ್ನು ದುಡಿಸುವ ಎಡೆಗಳಲ್ಲಿ, ಅದು ಬಾಡಿಗೆ ಸವಾರಿಯಿರಲಿ, ಮದುವೆಯ ಮೆರವಣಿಗೆಯಿರಲಿ, ರೇಸಿನ ಮೈದಾನವಿರಲಿ, ಒಂದು ಸುಲಭೋಪಾಯ ಬೇರೂರಿದೆ. ಕೀಲು ಬಾತು ಕುದುರೆ ಕುಂಟತೊಡಗಿದರೆ ನೋವಿನ ಇಂಜೆಕ್ಷನ್ ಚುಚ್ಚಿಸುವುದು. ಮರುದಿನ ಅದೇ ಕುದುರೆಯ ಬೆನ್ನಿಗೆ ಜೀನು ಬಿಗಿಯುವುದು. ಎಲ್ಲರೂ ಹೀಗೆಯೇ ಮಾಡುತ್ತಾರೆಂದು ನಾವು ಆರೋಪಿಸುತ್ತಿಲ್ಲ. ಕುದುರೆಯನ್ನು ಮನೆಯ ಮಗುವಿನಂತೆ ಸಾಕುವವರೂ ಉಂಟು. ಆದರೆ 'ಮದ್ದು ಕೊಡಿಸಿದ್ದೇವಲ್ಲ, ಇನ್ನೇನು?' ಎಂಬ ಮಾತು ಕರುಣೆಯ ವೇಷ ತೊಟ್ಟು ಬರುವುದರಿಂದ ಅದಕ್ಕೆ ತಲೆದೂಗುವವರೇ ಹೆಚ್ಚು. ನೋವನ್ನು ಅಡಗಿಸಿ ದುಡಿಸುವುದಕ್ಕೆ ಚಿಕಿತ್ಸೆಯೆಂಬ ಹೆಸರು ಸಲ್ಲದು. ಅದು ಆ ಮೂಕಪ್ರಾಣಿಗೆ ಮಾಡುವ ಎರಡನೆಯ ಅನ್ಯಾಯವೆಂದೇ ನಮ್ಮ ಸ್ಪಷ್ಟ ಅಭಿಪ್ರಾಯ.

ಏಕೆಂದು ಕೇಳುವವರು ಕುದುರೆಯ ಕಾಲನ್ನೇ ನೋಡಬೇಕು. ನಿಂತ ಕುದುರೆಯ ಭಾರದಲ್ಲಿ ನೂರಕ್ಕೆ ಸುಮಾರು 60ರಷ್ಟು ಮುಂಗಾಲುಗಳ ಮೇಲೆಯೇ ಬೀಳುತ್ತದೆ. ಆ ಮುಂಗಾಲಿನಲ್ಲಿ ನಾವು ಮೊಣಕಾಲು ಎನ್ನುವ ಕೀಲು ನಿಜವಾಗಿ ನಮ್ಮ ಮಣಿಕಟ್ಟಿಗೆ ಸಮಾನವಾದದ್ದು. ಅದರ ಕೆಳಗೆ ಮಾಂಸಖಂಡವೆಂಬುದೇ ಇಲ್ಲವೆನ್ನಬಹುದು. ಎಲುಬು, ಸ್ನಾಯುರಜ್ಜು, ಮೇಲೊಂದು ಚರ್ಮ, ಕೊನೆಗೆ ಗೊರಸು. ಮಣಿಕಟ್ಟಿನ ಮೇಲೆ ಮೈಭಾರವನ್ನೆಲ್ಲ ಹೊತ್ತು, ಬೆನ್ನಿನ ಮೇಲೆ ಇನ್ನೊಬ್ಬನನ್ನು ಕೂರಿಸಿಕೊಂಡು, ಕಲ್ಲುದಾರಿಯಲ್ಲಿ ಏರಿ ಇಳಿಯುವುದೆಂದರೆ ಏನೆಂದು ಓದುಗರೇ ಊಹಿಸಿಕೊಳ್ಳಲಿ.

ಕೀಲಿನೊಳಗೆ ಎಲುಬಿನ ತುದಿಗಳಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಅದಕ್ಕೆ ರಕ್ತನಾಳಗಳಿಲ್ಲ. ಒಮ್ಮೆ ಸವೆದರೆ ಮೊದಲಿನಂತೆ ಬೆಳೆಯುವುದಿಲ್ಲ. ಕೀಲಿಗೆ ಪೆಟ್ಟಾದಾಗ ಬರುವ ಬಿಸಿ, ಬಾವು, ನೋವು, ಅಂದರೆ ಉರಿಯೂತ, 'ಈ ಕಾಲನ್ನು ಊರಬೇಡ' ಎಂದು ಶರೀರ ಕೂಗಿ ಹೇಳುವ ಎಚ್ಚರಿಕೆ. ಮಿತಿಮೀರಿದ ಉರಿಯೂತ ತಾನೇ ಮೃದ್ವಸ್ಥಿಯನ್ನು ತಿನ್ನುತ್ತದೆ, ನಿಜ, ಅದನ್ನು ತಗ್ಗಿಸಲೇಬೇಕು. ಆದರೆ ಎಚ್ಚರಿಕೆಯ ಗಂಟೆಯ ಬಾಯಿಗೆ ಬಟ್ಟೆ ತುರುಕಿ, ಉರಿಯುವ ಮನೆಯೊಳಗೆ ಅಡಿಗೆ ಮುಂದುವರಿಸಿದರೆ ಏನಾದೀತು?

ಅಮೆರಿಕದ ಸಾಂಟಾ ಅನೀಟಾ ರೇಸ್ ಮೈದಾನದಲ್ಲಿ ಆದದ್ದು ಇದಕ್ಕೆ ಹತ್ತಿರವಾದದ್ದೇ. 2018ರ ಡಿಸೆಂಬರಿನ ಕೊನೆಯಿಂದ 2019ರ ಜೂನ್‌ವರೆಗಿನ ಒಂದೇ ಋತುವಿನಲ್ಲಿ 30 ಕುದುರೆಗಳು ಸತ್ತುವು. ತನಿಖೆ ನಡೆದು 2020ರಲ್ಲಿ ವರದಿ ಬಂದಾಗ, ಕಾಲು ಮುರಿದು ಸತ್ತ ಕುದುರೆಗಳಲ್ಲಿ ಬಹುಪಾಲಿಗೆ ಆ ಜಾಗದಲ್ಲಿ ಮೊದಲೇ ದೋಷವಿದ್ದದ್ದು ಕಂಡುಬಂತು. ಆ ಬಳಿಕ 2022ರಲ್ಲಿ ಆ ದೇಶದಲ್ಲಿ ಹೊಸ ನಿಯಂತ್ರಣ ಮಂಡಲಿ ಕೆಲಸಕ್ಕೆ ತೊಡಗಿ, ಕೀಲಿನೊಳಗೆ ಇಂಜೆಕ್ಷನ್ ಕೊಟ್ಟ ಕುದುರೆಯನ್ನು 14 ದಿನ ಓಟಕ್ಕಿಳಿಸಬಾರದೆಂದು ಕಟ್ಟುನಿಟ್ಟು ಮಾಡಿತು. ಲಕ್ಷಾಂತರ ಬೆಲೆಯ ರೇಸಿನ ಕುದುರೆಗೆ ಪರೀಕ್ಷೆ, ನಿಯಮ, ಪಶುವೈದ್ಯರು ಎಲ್ಲ ಉಂಟು. ನೆರಳಿಲ್ಲದ ಜಾಗದಲ್ಲಿ ಗಿರಾಕಿಗಾಗಿ ಕಾದು ನಿಂತ ಬಾಡಿಗೆ ಕುದುರೆಗೆ ನಿನ್ನೆ ಯಾವ ಮದ್ದು ಚುಚ್ಚಿದರೆಂದು ಕೇಳುವವರು ಯಾರು?

ತಪ್ಪು ತಿಳಿಯಬಾರದು, ಮದ್ದಿನೊಡನೆ ನಮಗೆ ಜಗಳವಿಲ್ಲ. ಫಿನೈಲ್‌ಬ್ಯೂಟಜೋನ್, ಫ್ಲುನಿಕ್ಸಿನ್, ಮೆಲಾಕ್ಸಿಕಾಮ್ ಮುಂತಾದುವು ಬಲ್ಲವರ ಕೈಯಲ್ಲಿ ಉಪಕಾರಿಗಳೇ. ಆದರೆ 'ಬ್ಯೂಟ್' ಎಂದು ಕರೆಯಲ್ಪಡುವ ಮೊದಲನೆಯದು ಪ್ರಮಾಣ ಮೀರಿದರೆ ಕುದುರೆಯ ಜಠರದಲ್ಲಿಯೂ ದೊಡ್ಡ ಕರುಳಿನಲ್ಲಿಯೂ ಹುಣ್ಣೆಬ್ಬಿಸುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ನೀರು ಸಾಲದೆ ಬಿಸಿಲಿನಲ್ಲಿ ಬೆವರಿದ ಕುದುರೆಗೆ ಅಪಾಯ ಇನ್ನೂ ಹೆಚ್ಚು. 'ಒಂದು ಸಾಲದು' ಎಂದು ಇಂಥ ಎರಡು ಮದ್ದುಗಳನ್ನು ಒಟ್ಟಿಗೆ ಕೊಡುವುದಂತೂ ಮೂರ್ಖತನ. ಕೀಲಿಗೆ ಮೇಲಿಂದ ಮೇಲೆ ಸ್ಟಿರಾಯ್ಡ್ ಚುಚ್ಚಿದರೆ ಬಾವು ಇಳಿದರೂ ಮೃದ್ವಸ್ಥಿ ಕೆಡುವ ಭಯವಿದೆ. ಕೇಡು ಮದ್ದು ಪಡೆದ ಪ್ರಾಣಿಯೊಂದಿಗೇ ಮುಗಿಯುವುದೂ ಇಲ್ಲ. ಡೈಕ್ಲೋಫೆನಾಕ್ ಪಡೆದ ಜಾನುವಾರುಗಳ ಹೆಣ ತಿಂದು ದೇಶದ ರಣಹದ್ದುಗಳೇ ನಿರ್ನಾಮದ ಅಂಚಿಗೆ ಬಂದುವು. 2006ರಲ್ಲಿ ಅದನ್ನು ಪಶುಗಳಿಗೆ ಕೊಡುವುದನ್ನು ನಿಷೇಧಿಸಿದರು. ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್‌ಗಳ ಸರದಿ ಬರಲು 2023 ಬೇಕಾಯಿತು. ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳಿಗಾಗಿಯೇ ಅಭಯಾರಣ್ಯ ಮಾಡಬೇಕಾಗಿ ಬಂದುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ಹಾಗಾದರೆ ನಿಜವಾದ ಉಪಚಾರ ಯಾವುದು? ಮೊದಲು, ನೋವು ಎಲ್ಲಿದೆಯೆಂದು ಪಶುವೈದ್ಯರಿಂದ ತಿಳಿಯಬೇಕು. ಭುಜದ ನೋವೆಂದುಕೊಂಡದ್ದು ಎಷ್ಟೋ ಸಲ ಗೊರಸಿನದಾಗಿರುತ್ತದೆ. ಹೊಸ ಪೆಟ್ಟಾದರೆ ಮೊದಲ ಒಂದೆರಡು ದಿನ, ದಿನಕ್ಕೆ ಹಲವು ಸಲ, ಸುಮಾರು 20 ನಿಮಿಷ ತಣ್ಣೀರು ಹಾಯಿಸಬೇಕು. ಆರೆಂಟು ವಾರಕ್ಕೊಮ್ಮೆ ಗೊರಸು ಸವರಿಸಿ ಲಾಳ ಸರಿಪಡಿಸಬೇಕು. ಗೊರಸು ಓರೆಯಾದರೆ ಮೇಲಿನ ಕೀಲುಗಳೆಲ್ಲ ಓರೆಯಾಗಿ ಸವೆಯುತ್ತವೆ. ಮೈಭಾರ ಮಿತಿಯಲ್ಲಿರಬೇಕು. ಪ್ರೀತಿಯಿಂದ ಬೆಲ್ಲ, ಧಾನ್ಯ ಸುರಿದರೆ ಗೊರಸಿನೊಳಗಿನ ಪದರಕ್ಕೇ ಉರಿಯೂತ ಬಂದು ಕುದುರೆ ನಿಲ್ಲಲಾರದಂತಾದೀತು. ಕೀಲು ಗಟ್ಟಿಯಾಗುತ್ತದೆಂದು ಮಾರುವ ಪುಡಿಗಳ ಬಗ್ಗೆ ನಮಗೆ ವಿಶೇಷ ಭರವಸೆಯಿಲ್ಲ, ಆಧಾರ ತೀರ ತೆಳು. ಹಳೆಯ ಸಂಧಿವಾತದ ಕುದುರೆಯನ್ನು ದಿನವಿಡೀ ಲಾಯದಲ್ಲಿ ಕಟ್ಟಿ ನಿಲ್ಲಿಸುವುದೂ ಕೆಡುಕೇ. ಅದಕ್ಕೆ ಭಾರವಿಲ್ಲದ ನಿಧಾನ ನಡಿಗೆ ಹಿತ. ಪೆಟ್ಟಾದ ಕೀಲಿಗಾದರೋ ಬೇಕಾದದ್ದು ವಿಶ್ರಾಂತಿ, ದಿನಗಳಲ್ಲ, ಒಮ್ಮೊಮ್ಮೆ ವಾರಗಳು, ತಿಂಗಳುಗಳು. ಇದೆಲ್ಲ ಪರದೇಶದ ವಿದ್ಯೆಯೆಂದು ಮೂಗು ಮುರಿಯುವವರಿಗೆ ಹೇಳುತ್ತೇವೆ: ಅಶ್ವವೈದ್ಯದ ಮೇಲೆ ಕನ್ನಡದಲ್ಲಿಯೇ ಅಭಿನವಚಂದ್ರ ಗ್ರಂಥ ಬರೆದು ಶತಮಾನಗಳಾದುವು.

ತಣ್ಣೀರಿಗೆ ದುಡ್ಡಿಲ್ಲ, ಲಾಳಕ್ಕೆ ಅಷ್ಟಿಷ್ಟು. ದುಬಾರಿಯಾದದ್ದು ವಿಶ್ರಾಂತಿಯೊಂದೇ. ಮಳೆಗಾಲದಲ್ಲಿ ಸಂಪಾದನೆ ಕುಗ್ಗಿ, ರಜೆಯ ವಾರಗಳಲ್ಲಿ ವರ್ಷದ ಅನ್ನ ಗಳಿಸಬೇಕಾದ ಕುದುರೆಯವನಿಗೆ 'ಮೂರು ವಾರ ಕಟ್ಟಿಹಾಕು' ಎನ್ನುವುದು ನಮಗೆ ಸುಲಭ. ಅವನನ್ನು ಕಟುಕನೆಂದು ಬೈದು ಪುಣ್ಯವಂತರಾಗುವ ನಗರದ ದಯಾಳುಗಳನ್ನು ಕಂಡರೆ ನಮಗೆ ಅವನ ಮೇಲಿನದಕ್ಕಿಂತ ಹೆಚ್ಚಿನ ಸಿಟ್ಟು ಬರುತ್ತದೆ. 2015ರ ಜೂನ್‌ನಲ್ಲಿ ಮುಂಬಯಿಯ ವಿಕ್ಟೋರಿಯಾ ಗಾಡಿಗಳ ಮೋಜಿನ ಸವಾರಿ ಕಾನೂನುಬಾಹಿರವೆಂದು ಉಚ್ಚ ನ್ಯಾಯಾಲಯ ಸಾರಿತು. ಚೌಪಾಟಿಯಲ್ಲಿ ಅದೇ ಗಾಡಿಯೇರಿ ಫೋಟೋ ತೆಗೆಸಿಕೊಂಡವರೂ ಚಪ್ಪಾಳೆ ತಟ್ಟಿದರು. ಆ ಕುದುರೆಗಳ ಕಾಲುನೋವನ್ನು ವಿಚಾರಿಸಿದವರು ಅವರಲ್ಲಿ ಎಷ್ಟು ಮಂದಿ?

ಕಾನೂನಿಲ್ಲವೆಂದಲ್ಲ. ರೋಗ, ಗಾಯ, ಅಶಕ್ತತೆಯಿಂದ ಕೆಲಸಕ್ಕೆ ತಕ್ಕದ್ದಲ್ಲದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯಂತೆ ಅಪರಾಧ. ಮೊದಲ ಸಲದ ತಪ್ಪಿಗೆ ಆ ಕಾಯಿದೆ ಬರೆದಿಟ್ಟ ದಂಡ 10ರಿಂದ 50 ರೂಪಾಯಿ! ಬೆಟ್ಟದ ಮೇಲಿನ ಹೋಟೆಲಿನಲ್ಲಿ ಇಬ್ಬರು ಚಹಾ ಕುಡಿದರೆ ಅದಕ್ಕಿಂತ ಹೆಚ್ಚಾಗುತ್ತದೆ.

ಆದ್ದರಿಂದ ದುಡ್ಡು ಕೊಡುವ ನಮ್ಮ ಮೇಲೆಯೇ ಹೊಣೆ ಬೀಳುತ್ತದೆ. ವರನನ್ನು ಕುದುರೆಯೇರಿಸುವುದು ನಮ್ಮ ಮನೆಗಳಲ್ಲಿ ಹಿಂದೆ ಅಷ್ಟಾಗಿ ಕಂಡದ್ದಲ್ಲ. ನೆರೆಹೊರೆ ನೋಡಿ ಕಲಿತ ಹೊಸ ಷೋಕಿ. ಡಾಂಬರು ರಸ್ತೆಯ ಮೇಲೆ, ಕಿವಿ ಕಿವುಡಾಗುವ ಬ್ಯಾಂಡಿನ ನಡುವೆ, ಎರಡು ಗಂಟೆ ಹೆಜ್ಜೆ ಹೆಜ್ಜೆಗೂ ನಿಂತು ನಡೆಯುವ ಕುದುರೆಯ ಗತಿಯನ್ನು ನೋಡಿಯಾದರೂ ನಮ್ಮವರು ಅದನ್ನು ಬಿಡಬಹುದು. ಬಿಡಲಾಗದ ಸಂಘ-ಸಂಸ್ಥೆಗಳು ತಮ್ಮ ಉತ್ಸವದ ಮೆರವಣಿಗೆಗೆ ಕುದುರೆ ಗೊತ್ತುಮಾಡುವಾಗ ಪಶುವೈದ್ಯರ ಪತ್ರ ಕೇಳಲಿ, ಮರುದಿನದ ವಿಶ್ರಾಂತಿಗೂ ಸೇರಿಸಿ ಬಾಡಿಗೆ ಕೊಡಲಿ. ಹಾರಕ್ಕೆ, ಶಾಲಿಗೆ ಆಗುವ ಖರ್ಚಿನ ಮುಂದೆ ಅದೇನು ದೊಡ್ಡದು?

ಬೆಟ್ಟಕ್ಕೆ ಹೋಗುವವರು ಸವಾರಿಗೆ ಮೊದಲು ಕುದುರೆಯನ್ನು ಹತ್ತು ಹೆಜ್ಜೆ ನಡೆಸಿ ನೋಡಲಿ. ನೋವಿರುವ ಮುಂಗಾಲು ನೆಲಕ್ಕೆ ತಗಲಿದೊಡನೆ ಅದು ತಲೆಯನ್ನು ಮೇಲಕ್ಕೆತ್ತುತ್ತದೆ. ಒಳ್ಳೆಯ ಕಾಲು ಊರುವಾಗ ತಗ್ಗಿಸುತ್ತದೆ. ಬೆಳಿಗ್ಗೆ ಇಂಜೆಕ್ಷನ್ ಆಗಿದ್ದರೆ ಇದೂ ಕಾಣಲಿಕ್ಕಿಲ್ಲ. ಕೀಲುಗಳ ಬಾವನ್ನಾದರೂ ಗಮನಿಸಿ, ಅನುಮಾನ ಬಂದರೆ ಕೇಳಲು ಸಂಕೋಚ ಬೇಡ. ಕುಂಟುವುದು ಕಂಡರೆ ಕುದುರೆಯವನೊಡನೆ ಜಗಳಕ್ಕೆ ನಿಲ್ಲದೆ, 'ಇವತ್ತು ಇದನ್ನು ಲಾಯಕ್ಕೆ ಒಯ್ಯಪ್ಪಾ' ಎಂದು ಗೊತ್ತುಮಾಡಿದ ಬಾಡಿಗೆ ಅವನ ಕೈಗಿಟ್ಟು ಮಕ್ಕಳ ಕೈಹಿಡಿದು ನಡೆಯಿರಿ. ದಸ್ತೂರಿ ನಾಕೆಯಿಂದ ಪೇಟೆಗೆ ಮೂರು ಕಿಲೋಮೀಟರಿಗಿಂತ ಹೆಚ್ಚಿಲ್ಲ, ದಾರಿಯುದ್ದಕ್ಕೂ ಮರದ ನೆರಳಿದೆ.