ಕೆಂಪಾಗಲು ಒಂದು ರಾತ್ರಿ

ಮಾರಿಕುಪ್ಪಂ ರೈಲು ಹಳಿ ಮುಗಿಯುವ ಊರು. ಬಂಗಾರಪೇಟೆಯಿಂದ ಕವಲೊಡೆಯುವ ಈ ದಾರಿಯನ್ನು 1894ರಲ್ಲಿ ಹಾಕಿದ್ದು ಚಿನ್ನದ ಗಣಿಗಳಿಗಾಗಿ. 2001ರಲ್ಲಿ ಗಣಿ ಮುಚ್ಚಿತು. ಈಗ ಅದೇ ಹಳಿಯ ಮೇಲೆ ಊರಿನ ಮಂದಿ ಕತ್ತಲಿರುವಾಗಲೇ ಬೆಂಗಳೂರಿನ ಕೆಲಸಕ್ಕೆ ಹೊರಡುತ್ತಾರೆ. ಹಬ್ಬದ ಮರುದಿನ ಆ ರೈಲಿನಲ್ಲಿ ಕಂಬಿ ಹಿಡಿದ ಕೈಗಳನ್ನು ನೋಡಬೇಕು. ಒಂದು ಕೈಯಲ್ಲಿ ಬೆರಳ ತುದಿಗೆಲ್ಲ ಕೆಂಪು ಟೋಪಿ, ಅಂಗೈ ನಡುವೆ ದುಂಡು ಚಂದ್ರ, ಸುತ್ತ ಚುಕ್ಕಿ. ಇನ್ನೊಂದರಲ್ಲಿ ಮೊಣಕೈವರೆಗೆ ಹತ್ತಿದ ಬಳ್ಳಿ. ಮೊದಲನೆಯದು ಮನೆಯಲ್ಲಿ ಅರೆದ ಗೋರಂಟಿ ಸೊಪ್ಪಿನದು, ಎರಡನೆಯದು ಕೋನಿನದು.

ಗಣಿಯ ಲೈನು ಮನೆಗಳಲ್ಲಿ ಈ ಒಂದು ಗಿಡಕ್ಕೆ ಹಲವು ಹೆಸರು. ಉತ್ತರ ಆರ್ಕಾಟಿನಿಂದ ಬಂದವರಿಗೆ ಮರುದಾಣಿ, ಚಿತ್ತೂರು ಕಡೆಯವರಿಗೆ ಗೋರಿಂಟಾಕು, ಉರ್ದು ಮನೆಗಳಲ್ಲಿ ಮೆಹಂದಿ, ನಮಗೆ ಗೋರಂಟಿ, ಮದರಂಗಿ. ತೆಲುಗರಿಗೆ ಆಷಾಢದಲ್ಲಿ ಹಚ್ಚಲೇಬೇಕು, ಮುಸ್ಲಿಮರ ಮನೆಯಲ್ಲಿ ರಂಜಾನಿನ ಚಾಂದ್ ರಾತ್ ಅದಿಲ್ಲದೆ ಕಳೆಯದು. ಕಲ್ಲು ಅರೆದು ಚಿನ್ನ ತೆಗೆದ ಊರಿಗೆ ಎಲೆ ಅರೆದು ಕೆಂಪು ತೆಗೆಯುವುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಎಲೆಯೊಳಗಿನ ಲಾಸೋನ್ ಎಂಬ ಬಣ್ಣ ಹುಳಿ ತಾಗಿದರೆ ಬಿಟ್ಟುಕೊಳ್ಳುತ್ತದೆ. ಅಜ್ಜಿಯರು ಹುಣಸೆಹಣ್ಣನ್ನೋ ನಿಂಬೆಯನ್ನೋ ಸೇರಿಸುತ್ತಿದ್ದುದು ಸುಮ್ಮನೆ ಅಲ್ಲ. ಚರ್ಮದ ಮೇಲ್ಪದರದ ಕೆರಾಟಿನ್‌ಗೆ ಅದು ಕಚ್ಚಿಕೊಳ್ಳುತ್ತದೆ. ಅಂಗೈ, ಅಂಗಾಲಿನ ಚರ್ಮ ದಪ್ಪವಾದ್ದರಿಂದ ಅಲ್ಲಿ ಬಣ್ಣ ಗಾಢ. ಬೆಳಿಗ್ಗೆ ಉದುರಿಸಿದಾಗ ಬರೀ ಕಿತ್ತಳೆ. ಅಯ್ಯೋ, ಹತ್ತಲಿಲ್ಲ ಎಂದು ಮುಖ ಸಣ್ಣ ಮಾಡಿಕೊಳ್ಳುವುದು ಬೇಡ. ನೀರು, ಸೋಪು ಸೋಕಿಸದೆ ಕೊಬ್ಬರಿ ಎಣ್ಣೆ ಸವರಿ ಬಿಟ್ಟರೆ ಒಂದೆರಡು ದಿನದಲ್ಲಿ ತಾನಾಗಿ ಕಡುಗೆಂಪಾಗುತ್ತದೆ. ಚೆನ್ನಾಗಿ ಕೆಂಪೇರಿದರೆ ಗಂಡನಿಗೆ ಪ್ರೀತಿ ಜಾಸ್ತಿಯಂತೆ. ಗಂಡನ ವಿಷಯ ಗೊತ್ತಿಲ್ಲ, ರಾತ್ರಿಯಿಡೀ ಕೈ ಅಲುಗಿಸದೆ ಮಲಗಿದವಳ ತಾಳ್ಮೆಯಂತೂ ಅದರಲ್ಲಿ ಕಾಣುತ್ತದೆ.

ಆ ತಾಳ್ಮೆಯನ್ನು ಉಳಿಸಿಕೊಡುತ್ತೇನೆಂದು ಪೇಟೆಗೆ ಬಂದದ್ದು ಕರಿ ಕೋನು. ಗಂಟೆಯೊಳಗೆ ಕಾಡಿಗೆಯಂಥ ಕಪ್ಪು. ಗೋರಂಟಿಯಲ್ಲಿ ಅಂಥ ಕಪ್ಪೇ ಇಲ್ಲ; ಅದನ್ನು ಬರಿಸುವುದು ಸಾಮಾನ್ಯವಾಗಿ ತಲೆಕೂದಲ ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕ. ಒಗ್ಗದವರಿಗೆ ಬಿಡಿಸಿದ ಬಳ್ಳಿಯ ಆಕಾರದಲ್ಲೇ ಗುಳ್ಳೆ ಏಳುತ್ತದೆ, ಕಲೆ ಉಳಿಯಬಹುದು. ಮೈ ಅದನ್ನು ಮರೆಯುವುದೂ ಇಲ್ಲ: ವರ್ಷಗಳ ಮೇಲೆ ತಲೆಗೆ ಡೈ ಹಚ್ಚಿದರೂ ಮುಖ ಊದಿಕೊಳ್ಳಬಹುದು. ಅಪ್ಪಟ ಸೊಪ್ಪೂ ಎಲ್ಲರಿಗೂ ಅಲ್ಲ. ಜಿ6ಪಿಡಿ ಕಿಣ್ವದ ಕೊರತೆಯಿರುವ ಹಸುಗೂಸಿಗೆ ಹಚ್ಚಿದರೆ ಕೆಂಪು ರಕ್ತಕಣಗಳೇ ಒಡೆಯಬಹುದು. ನಾಮಕರಣದ ಸಂಭ್ರಮದಲ್ಲಿ ಮಗುವಿನ ಪಾದ ಹುಡುಕುವ ಅತ್ತೆಯಂದಿರು ಇದನ್ನು ಓದಲಿ.

ಮೊನ್ನೆ ಮುಂಜಾನೆಯ ರೈಲಿನಲ್ಲಿ ಎದುರಿಗೆ ಕೂತ ಹುಡುಗಿ ಒಣಗಿದ ಸೊಪ್ಪನ್ನು ಬಂಗಾರಪೇಟೆ ದಾಟಿದರೂ ಉದುರಿಸಿರಲಿಲ್ಲ. ಎರಡೂ ಕೈ ಮಡಿಲಲ್ಲಿ ಮೇಲ್ಮುಖವಾಗಿದ್ದವು. ಟಿಕೆಟ್ ಕೇಳಿದಾಗ ಪಕ್ಕದವಳೇ ಅವಳ ಪರ್ಸು ತೆಗೆದಳು.